ನಡೆಯುವ ದಾರಿ ಮತ್ತು ಅಹಿಂಸಾಣುವ್ರತ

ಮನುಷ್ಯನ ದೇಹಾರೋಗ್ಯ ಕೆಟ್ಟಾಗ ಅದಕ್ಕೆ ಹೊಣೆ ಯಾರು ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಅವನೇ. ನಾಲಗೆಯನ್ನು ಹಿಡಿತದಲ್ಲಿಡಲಿಲ್ಲ, ಮೈಯನ್ನು ದುಡಿಸಲಿಲ್ಲ, ಆಲಸ್ಯಕ್ಕೆ ವಶನಾದ. ಈಗ ಫಲವನ್ನು ಉಣ್ಣುತ್ತಿದ್ದಾನೆ. ಕರ್ಮಸಿದ್ಧಾಂತವನ್ನು ನಂಬಿದ ನಮಗೆ ಈ ಉತ್ತರ ಬೇಗನೆ ರುಚಿಸುತ್ತದೆ. ಆದರೆ ಕಾರ್ಯವೊಂದು ನಡೆಯಬೇಕಾದರೆ ಉಪಾದಾನ ಕಾರಣದ ಜೊತೆಗೆ ನಿಮಿತ್ತ ಕಾರಣವೂ ಇರಬೇಕೆಂದು ನಮ್ಮ ಆಚಾರ್ಯರು ಬೋಧಿಸಿದ್ದಾರೆ. ಗಡಿಗೆಗೆ ಮಣ್ಣು ಉಪಾದಾನ. ಕುಂಬಾರನೂ ಚಕ್ರವೂ ನಿಮಿತ್ತ. ನಡಿಗೆಯ ವಿಷಯದಲ್ಲಿ ನಡೆಯುವವನ ಪುರುಷಾರ್ಥವನ್ನು ಉಪಾದಾನದ ಸ್ಥಾನದಲ್ಲಿಟ್ಟರೆ, ಅವನು ಕಾಲಿಡುವ ಬೀದಿ ನಿಮಿತ್ತವಾಗುತ್ತದೆ. ಆ ಬೀದಿಯನ್ನು ನಡೆಯಲಾಗದಂತೆ ಮಾಡಿದವನಿಗೆ ದೋಷವುಂಟೇ? ಉಂಟೆಂದಾದರೆ ಅದು ಯಾವ ಬಗೆಯ ದೋಷ? ಇದು ಗೃಹಸ್ಥರಾದ ನಾವು ವಿಚಾರ ಮಾಡಬೇಕಾದ ಪ್ರಶ್ನೆ.

ಬೆಂಗಳೂರಿನ ಉತ್ತರಕ್ಕೆ ಹೆಬ್ಬಾಳವನ್ನು ದಾಟಿದರೆ ಬಳ್ಳಾರಿ ರಸ್ತೆಯ ಪೂರ್ವದಲ್ಲಿ ಅಮೃತಹಳ್ಳಿ ಇದೆ. ಹೆಸರೇ ತಿಳಿಸುವಂತೆ ಅದು ಮೂಲತಃ ಹಳ್ಳಿ. ಅದಕ್ಕೊಂದು ಕೆರೆಯೂ ಉಂಟು. 2003ರಲ್ಲಿ ಹೆಬ್ಬಾಳದ ಮೇಲುಸೇತುವೆ ತೆರೆಯಿತು. 2007ರಲ್ಲಿ ಬ್ಯಾಟರಾಯನಪುರ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ಇವುಗಳ ಬೆನ್ನಿಗೆ ಈ ಸೀಮೆಯ ಹೊಲತೋಟಗಳು ಭರದಿಂದ ನಿವೇಶನಗಳಾದವು. ಹೊಲವನ್ನು ತುಂಡರಿಸಿ ಮಾರುವ ರೆವಿನ್ಯೂ ಬಡಾವಣೆಯ ಲೆಕ್ಕ ವ್ಯಾಪಾರಿಗಳಾದ ನಮಗೆ ಚೆನ್ನಾಗಿ ತಿಳಿದದ್ದೇ. ಮೂವತ್ತು ನಲವತ್ತರ ನಿವೇಶನಗಳು ಎಷ್ಟು ಹೆಚ್ಚು ಸಿಕ್ಕರೆ ಅಷ್ಟು ಲಾಭ. ಬೀದಿಗೆ ಬಿಟ್ಟ ಪ್ರತಿಯೊಂದು ಅಡಿಯೂ ನಷ್ಟ. ಹೀಗೆ ಹುಟ್ಟಿದ ಇಕ್ಕಟ್ಟಾದ ಬೀದಿಯಲ್ಲಿ ಚರಂಡಿ, ವಿದ್ಯುತ್ ಕಂಬ, ಮನೆಯ ಮೆಟ್ಟಿಲು, ವಾಹನ ಏರಿಸುವ ಇಳಿಜಾರು, ನಿಂತ ಕಾರುಗಳು ಸೇರಿಕೊಂಡ ಮೇಲೆ, ನಡೆಯುವವನಿಗೆ ಉಳಿಯುವುದು ವಾಹನಗಳು ಓಡುವ ನಡುದಾರಿ ಮಾತ್ರ. ಎದುರಿನ ಸಹಕಾರನಗರಕ್ಕೆ ಹೋಗಬೇಕಾದರೆ ವಿಮಾನ ನಿಲ್ದಾಣದ ಹೆದ್ದಾರಿಯೇ ಅಡ್ಡ. ಕೂಗಳತೆಯ ದೂರಕ್ಕೂ ಆಟೋ ಹಿಡಿಯುವ ಪರಿಸ್ಥಿತಿ ಬರುವುದು ಹೀಗೆ.

ಇದೇ ನಗರದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ, ಕಿಕ್ಕಿರಿದ ಪೇಟೆಯ ಜನರಿಗೆ ಆರೋಗ್ಯಕರವಾದ ನೆಲೆಯನ್ನು ಒದಗಿಸಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಲಾಯಿತು. ನೇರವಾದ ಬೀದಿಗಳು, ಮನೆಗಳಿಗೆ ಗಾಳಿ ಬೆಳಕು, ಹಿಂಭಾಗದಲ್ಲಿ ಕನ್ಸರ್ವೆನ್ಸಿ ಓಣಿ, ನಡೆದು ತಲುಪಬಹುದಾದ ದೇವಾಲಯ, ಶಾಲೆ, ಮಾರುಕಟ್ಟೆ ಅಲ್ಲಿ ಕೂಡಿಬಂದವು. ಊರು ಕಟ್ಟುವ ರೀತಿಗೂ ರೋಗಕ್ಕೂ ಸಂಬಂಧವುಂಟೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಅಂದಿನ ರೋಗ ಅಂಟುರೋಗ. ಇಂದಿನದು ಕುಳಿತಲ್ಲೇ ಬೆಳೆಯುವ ರೋಗ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿದೆ.

ಮೈಯ ಚಲನೆಗೂ ಆಯುಸ್ಸಿಗೂ ಇರುವ ನಂಟನ್ನು 1953ರಲ್ಲಿಯೇ ಜೆರೆಮಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಲಂಡನ್ನಿನ ಬಸ್ ನೌಕರರಲ್ಲಿ ಕಂಡು ತೋರಿಸಿದರು. ಎರಡಂತಸ್ತಿನ ಬಸ್ಸಿನಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಕಂಡಕ್ಟರರು ವ್ಯಾಯಾಮದ ವ್ರತ ತೊಟ್ಟವರಲ್ಲ; ಅವರ ಕೆಲಸದ ಸ್ಥಳವೇ ಅವರನ್ನು ನಡೆಸುತ್ತಿತ್ತು. ವಾಸಸ್ಥಳವೂ ಹಾಗೆಯೇ ನಡೆಸಬಲ್ಲದೆಂದು 2016ರಲ್ಲಿ 10 ದೇಶಗಳ 14 ನಗರಗಳ ಅಧ್ಯಯನ ತಿಳಿಸಿತು. ನಡಿಗೆಗೆ ಅನುಕೂಲವಾದ ಬಡಾವಣೆಗಳ ನಿವಾಸಿಗಳು ಅನನುಕೂಲವಾದ ಬಡಾವಣೆಯವರಿಗಿಂತ ವಾರಕ್ಕೆ 68ರಿಂದ 89 ನಿಮಿಷಗಳಷ್ಟು ಹೆಚ್ಚು ದೈಹಿಕ ಚಟುವಟಿಕೆ ಮಾಡುತ್ತಿದ್ದರು.

ಇದನ್ನು ನಮ್ಮ ಲೆಕ್ಕಕ್ಕೆ ಇಳಿಸೋಣ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಎಂದರೆ ದಿನಕ್ಕೆ ಸುಮಾರು 22 ನಿಮಿಷ. ಹೋಗಲು 11, ಬರಲು 11. ಚುರುಕಾಗಿ ನಡೆದರೆ 11 ನಿಮಿಷದಲ್ಲಿ ಸಾಗುವ ದೂರ ಅರ್ಧ ಮೈಲಿಗಿಂತ ತುಸು ಹೆಚ್ಚು. ಹಾಲು, ತರಕಾರಿ, ಶಾಲೆ, ಬಸದಿ ಇವುಗಳಲ್ಲಿ ಯಾವುದೊಂದಾದರೂ ಆ ದೂರದಲ್ಲಿದ್ದು, ಅಲ್ಲಿಗೆ ನಿರ್ಭಯವಾಗಿ ನಡೆಯುವಂತಿದ್ದರೆ ದಿನದ ಪಾಲು ತಾನಾಗಿ ಸಂದಾಯವಾಗುತ್ತದೆ. ಆದರೂ 2022ರ ಸ್ಥಿತಿಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಮಾಡಿದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಈ ಕನಿಷ್ಠವನ್ನೂ ಮುಟ್ಟುತ್ತಿಲ್ಲ, ಪುರುಷರಲ್ಲಿ ಶೇ. 42, ಮಹಿಳೆಯರಲ್ಲಿ ಶೇ. 57. ಇಷ್ಟೊಂದು ಜನ ಒಟ್ಟಿಗೆ ಸೋಮಾರಿಗಳಾದರು, ಅದರಲ್ಲಿಯೂ ಮನೆಗೆಲಸದಲ್ಲಿ ಬಿಡುವಿಲ್ಲದ ಹೆಣ್ಣುಮಕ್ಕಳು ಹೆಚ್ಚು ಸೋಮಾರಿಗಳಾದರು ಎಂದು ಹೇಳುವುದು ನ್ಯಾಯವೇ? ದೀಪವಿಲ್ಲದ, ಕಾಲಿಡಲು ಜಾಗವಿಲ್ಲದ ಬೀದಿಗೆ ಸಂಜೆಯ ಹೊತ್ತು ಒಬ್ಬಳೇ ಇಳಿಯಲು ಹಿಂಜರಿಯುವುದು ಆಲಸ್ಯವಲ್ಲ.

ಇನ್ನು ಶಾಸ್ತ್ರದ ಕಡೆಗೆ ಬರೋಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಬಂಧವೆಂದೊಡನೆ ಗೂಟಕ್ಕೆ ಕಟ್ಟಿದ ಹಸು, ಪಂಜರದ ಗಿಳಿ ನಮ್ಮ ಮನಸ್ಸಿಗೆ ಬರುತ್ತವೆ. ಆದರೆ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಪದಕ್ಕೆ ಮಾಡಿರುವ ಅರ್ಥ ಇನ್ನೂ ವಿಶಾಲವಾದುದು. ಜೀವಿಯು ತಾನು ಇಚ್ಛಿಸಿದ ಸ್ಥಳಕ್ಕೆ ಹೋಗದಂತೆ ತಡೆಯಾಗುವುದನ್ನೇ ಅವರು ಬಂಧವೆಂದು ತಿಳಿಸಿದ್ದಾರೆ. ಆ ವಿವರಣೆಯಲ್ಲಿ ಹಗ್ಗದ ಮಾತಿಲ್ಲ. ಎಪ್ಪತ್ತೈದು ವರ್ಷದ ಶ್ರಾವಿಕೆಯೊಬ್ಬಳು ಬೆಳಗಿನ ದರ್ಶನಕ್ಕೆ ಬಸದಿಗೆ ಹೋಗಬಯಸಿ, ಬೀದಿಗೆ ಅಂಜಿ ಮನೆಯಲ್ಲೇ ಉಳಿದರೆ, ಅವಳ ಗತಿಗೆ ತಡೆಯಾದದ್ದು ನಿಜ. ನಡಿಗೆ ನಿಂತಂತೆ ಕಾಲಿನ ಕಸುವೂ ಕುಂದುತ್ತದೆ. ಹತ್ತು ಪ್ರಾಣಗಳಲ್ಲಿ ಕಾಯಬಲವೂ ಒಂದೆಂಬುದನ್ನು ಇಲ್ಲಿ ನೆನೆಯಬೇಕು.

ಇಲ್ಲೊಂದು ಆಕ್ಷೇಪ ಬರಬಹುದು. ಬೀದಿಗೆ ಮೆಟ್ಟಿಲು ಚಾಚಿದವನಿಗೆ ಯಾರನ್ನೂ ತಡೆಯುವ ಉದ್ದೇಶವಿರಲಿಲ್ಲ. ಭಾವವಿಲ್ಲದೆ ಹಿಂಸೆ ಹೇಗೆ? ಆಕ್ಷೇಪ ಯೋಗ್ಯವಾದುದು. ಮೆಟ್ಟಿಲು ಚಾಚುವುದೂ ಪ್ರಾಣಿವಧೆಯೂ ಸಮಾನವೆಂದು ಯಾರೂ ಹೇಳಲಾರರು. ಆದರೆ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನಲ್ಲ, ಪ್ರಮಾದವನ್ನು ಮುಂದಿಟ್ಟಿದ್ದಾರೆ. ಮುನಿಗಳು ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ಸಾರವೂ ಎಚ್ಚರವೇ. ಪರಿಣಾಮ ತಿಳಿಯದಿದ್ದಾಗ ಅದು ಅಜ್ಞಾನ. ತಿಳಿದ ಮೇಲೆಯೂ ಮುಂದುವರಿದರೆ ಪ್ರಮಾದ. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಗಳೂ ಇಲ್ಲಿ ಅನ್ವಯಿಸುತ್ತವೆ. ಅಂಗಡಿಯ ಮೂಟೆಗಳನ್ನು ಫುಟ್‌ಪಾತಿನ ಮೇಲೆ ಪೇರಿಸುವುದು ಕೃತ. ಮನೆ ಕಟ್ಟುವಾಗ ಇಳಿಜಾರನ್ನು ಬೀದಿಗೆ ಚಾಚಲು ಗುತ್ತಿಗೆದಾರನಿಗೆ ಹೇಳುವುದು ಕಾರಿತ. ಬಸದಿಯ ಮುಂದೆ ಭಕ್ತರ ಕಾರುಗಳು ದಾರಿಯನ್ನು ಮುಚ್ಚಿ ನಿಂತಾಗ ಟ್ರಸ್ಟಿನವರು ಸುಮ್ಮನಿರುವುದು ಅನುಮೋದನೆ.

ಮತ್ತೊಂದು ಆಕ್ಷೇಪ ನಮ್ಮ ವ್ಯಾಪಾರಿ ಬಂಧುಗಳದು: ಜಾಗ ಬಿಟ್ಟರೆ ವ್ಯಾಪಾರ ಕೆಡುವುದಿಲ್ಲವೇ? ಮುಂಗಟ್ಟಿನ ಕೆಲವು ಅಡಿಗಳು ಹೋಗುವುದು ದಿಟವಾದ ನಷ್ಟ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಲೆಕ್ಕವನ್ನು ಪೂರ್ತಿಯಾಗಿ ಬರೆಯಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್, ಎಂದರೆ ಸುಮಾರು 6 ಅಡಿ, ಅಡ್ಡಿಯಿಲ್ಲದ ಅಗಲವನ್ನು ಕೇಳುತ್ತದೆ. ಮೂವತ್ತು ಅಡಿಯ ಬೀದಿಯಲ್ಲಿ ಎರಡೂ ಬದಿಗೆ ಹೀಗೆ ಬಿಟ್ಟರೆ ನಡುವೆ 18 ಅಡಿ ಉಳಿಯುತ್ತದೆ. ಎರಡು ಕಾರುಗಳು ನಿಧಾನವಾಗಿ ಎದುರುಬದುರು ದಾಟಲು ಅದು ಸಾಕು. ಸಾಲದೆ ಬರುವುದು ಕಾರು ನಿಲ್ಲಿಸಲು. ಅಲ್ಲಿಗೆ ಪ್ರಶ್ನೆ ಸ್ಪಷ್ಟವಾಗುತ್ತದೆ: ಬೀದಿಯ ಆರು ಅಡಿ ನಿಂತ ಕಾರಿಗೋ, ನಡೆಯುವ ಮನುಷ್ಯನಿಗೋ? ಸ್ವಂತ ವಸ್ತುವಿಗೆ ಸಾರ್ವಜನಿಕ ನೆಲವನ್ನು ಬಾಡಿಗೆಯಿಲ್ಲದೆ ಉಪಯೋಗಿಸುವುದು ಪರಿಗ್ರಹಪರಿಮಾಣ ವ್ರತಕ್ಕೂ ಅಚೌರ್ಯಕ್ಕೂ ಒಪ್ಪುವ ನಡತೆಯಲ್ಲ.

ಆದರೆ ದಾರಿಯನ್ನು ತೆರವುಗೊಳಿಸುವ ಉತ್ಸಾಹದಲ್ಲಿ ಮೊದಲ ಪೆಟ್ಟು ಬಡವರ ಮೇಲೆ ಬೀಳಬಾರದು. ಹೂವು, ಸೊಪ್ಪು ಮಾರುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆ ರಕ್ಷಣೆ ಕೊಟ್ಟಿದೆ. ಅವರಿಗೆ ಸ್ಥಳ ಗೊತ್ತುಮಾಡಿ ಕೊಡಬೇಕು. ಅವರಿರುವುದರಿಂದಲೇ ಜನ ನಡೆದು ಬರುತ್ತಾರೆ, ಸಂಜೆಯ ಬೀದಿಗೆ ಧೈರ್ಯ ಬರುತ್ತದೆ. ನಾಯಿಗಳಿಗೆ ಅನ್ನವಿಡುವ ದಯಾಳುಗಳೂ ಸ್ಥಳವನ್ನು ವಿಚಾರಿಸಬೇಕು. ಮಕ್ಕಳು ಆಡುವ ಎಡೆ, ಜನ ಓಡಾಡುವ ಬಾಗಿಲುಗಳಿಂದ ದೂರದಲ್ಲಿ ಅದಕ್ಕೆ ತಾಣವನ್ನು ನಿಗದಿಪಡಿಸಬೇಕೆಂದು 2023ರ ನಿಯಮಗಳು ಹೇಳುತ್ತವೆ. ಒಂದು ಜೀವಿಯ ಮೇಲಿನ ದಯೆ ಇನ್ನೊಂದು ಜೀವಿಗೆ ಭಯವನ್ನುಂಟುಮಾಡಬಾರದು.

ಇದೆಲ್ಲ ಸರಕಾರದ ಕೆಲಸವಲ್ಲವೇ ಎನ್ನಬಹುದು. ಬಹುಪಾಲು ಹೌದು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅಡ್ಡಿಯಿಲ್ಲದ ಫುಟ್‌ಪಾತಿನ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿಯೇ ಅಡಕವಾಗಿದೆಯೆಂದು ಹೇಳಿದೆ. ಹೆದ್ದಾರಿಯನ್ನು ದಾಟುವ ವ್ಯವಸ್ಥೆ, ಚರಂಡಿಯ ಚಪ್ಪಡಿ, ಬೀದಿಯ ದೀಪ ಇವುಗಳನ್ನು ಪಾಲಿಕೆಯಿಂದ ಕೇಳಿ ಪಡೆಯಬೇಕು. ಆದರೆ ನಮ್ಮ ಕಟ್ಟಡದ ಮುಂದಿನ ಆರು ಅಡಿಗೆ ಯಾವ ಆದೇಶವೂ ಬೇಕಾಗಿಲ್ಲ. ಟ್ರಸ್ಟುಗಳು ತಮ್ಮ ಮುಂದಿನ ಸಭೆಯಲ್ಲಿ ಕೆಲವು ವಿಷಯಗಳನ್ನು ಎತ್ತಿಕೊಳ್ಳಬಹುದು. ಬಸದಿ, ಪಾಠಶಾಲೆ, ಕಲ್ಯಾಣಮಂಟಪಗಳ ಮುಂದೆ ಆರು ಅಡಿ ಸಮತಟ್ಟಾದ ದಾರಿ ಸದಾ ತೆರವಾಗಿದೆಯೇ? ಮೆಟ್ಟಿಲು, ಜನರೇಟರು, ಚಪ್ಪಲಿಯ ಕಪಾಟು ಆವರಣದ ಒಳಗಿವೆಯೇ? ಗೋಡೆಯ ಹೊರಮೈಗೆ ದೀಪವಿದೆಯೇ, ದಣಿದವರು ಕೂರಲು ಕಟ್ಟೆಯಿದೆಯೇ, ನೆರಳಿಗೆ ಹೊಂಗೆಯ ಮರವಿದೆಯೇ? ಹೊಸ ಬಸದಿಗೆ ನಿವೇಶನ ಕೊಳ್ಳುವಾಗ ಕಾರು ನಿಲ್ಲಿಸುವ ಜಾಗವನ್ನು ಅಳೆಯುವಂತೆ, ಅರ್ಧ ಮೈಲಿಯೊಳಗೆ ಎಷ್ಟು ಮನೆಗಳಿವೆ ಎಂಬುದನ್ನೂ ಎಣಿಸುತ್ತೇವೆಯೇ?

ಇಷ್ಟಾದ ಮೇಲೂ ನಡೆಯಬೇಕಾದವರು ನಾವೇ. ದಾರಿ ಚೆನ್ನಾಗಿದ್ದರೂ ಎದ್ದು ನಡೆಯದವನ ರೋಗಕ್ಕೆ ಬೀದಿಯನ್ನು ದೂರುವುದು ಒಂದು ಏಕಾಂತ. ದಾರಿಯನ್ನು ಮುಚ್ಚಿಟ್ಟು, ನಡೆಯಲಿಲ್ಲವೆಂದು ರೋಗಿಯನ್ನು ದೂರುವುದು ಮತ್ತೊಂದು ಏಕಾಂತ. ಉಪಾದಾನವು ಅವರವರಿಗೆ ಸೇರಿದ್ದು. ಅದನ್ನು ಬೇರೆಯವರು ಕೊಡಲಾರರು. ನಿಮಿತ್ತವಾದರೋ ಬಹುಮಟ್ಟಿಗೆ ನೆರೆಹೊರೆಯವರ ಕೈಯಲ್ಲಿದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಮ್ಮ ಮನೆಗಳ ಹಿರಿಯರು ಆಮೇಲಿನ ಸಂಜೆಯಲ್ಲಿ ನಿರ್ಭಯವಾಗಿ ನಾಲ್ಕು ಹೆಜ್ಜೆ ನಡೆದು ಬರುವಂತೆ ಬೀದಿಯನ್ನು ಬಿಟ್ಟುಕೊಡುವುದು ಅಣುವ್ರತಿಗಳಿಗೆ ಅಸಾಧ್ಯವಾದ ಆಚರಣೆಯೇನೂ ಅಲ್ಲ. ಶ್ರಾವಕ ಬಂಧುಗಳು ಈ ವಿಷಯವನ್ನು ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತು ಪರಿಶೀಲಿಸಬೇಕೆಂದು ವಿನಂತಿ.