ಆಸನಸುಖವೂ ಧರ್ಮವೂ

ಕುಳಿತು ಬರೆಯುವವನು ತನ್ನ ಶರೀರದ ಸೌಖ್ಯವನ್ನು ವಿಚಾರಿಸುವುದು ಯುಕ್ತವೇ, ಅಥವಾ ಅದು ದೇಹಾಭಿಮಾನದ ಒಂದು ಬಗೆಯೇ? ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವಾಗಿ ತೋರುವುದು. ಕಾವ್ಯವನ್ನೂ ತತ್ತ್ವವನ್ನೂ ಕುರಿತ ಲೇಖನಗಳ ನಡುವೆ ಕುರ್ಚಿ ಮೇಜುಗಳ ಮಾತೇಕೆಂದು ವಾಚಕರು ನಗಲೂಬಹುದು. ಆದರೆ ಇಂದು ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಒಬ್ಬರಾದರೂ ದಿನಕ್ಕೆ ಏಳೆಂಟು ಗಂಟೆ ಮೇಜಿನ ಮುಂದೆ ಕುಳಿತು ಜೀವನೋಪಾಯವನ್ನು ನಡೆಸದ ಮನೆ ವಿರಳ. ಅಷ್ಟು ಹೊತ್ತು ನಡೆಯುವ ವ್ಯಾಪಾರವು ಧರ್ಮವಿಚಾರದ ಹೊರಗೆ ಉಳಿಯಲಾರದು. ಮೇಲಾಗಿ, ಈ ವಿಷಯದಲ್ಲಿ ನಾನೇ ಒಂದು ತಪ್ಪನ್ನು ಮಾಡಿರುವೆನಾದಕಾರಣ, ಅದನ್ನು ಮುಚ್ಚಿಟ್ಟುಕೊಂಡು ಉಪದೇಶಕ್ಕೆ ತೊಡಗುವುದು ಸರಿಯಲ್ಲ.

ನಾನು ಒಂದು ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಕಾಲದಲ್ಲಿ ಅಲ್ಲಿ ಒಬ್ಬ ಗುಮಾಸ್ತನಿದ್ದನು. ಆತನ ಅಕ್ಷರವು ಮುತ್ತು ಪೋಣಿಸಿದಂತಿತ್ತು. ಹಾಜರಿ, ಶುಲ್ಕದ ಲೆಕ್ಕ, ವರ್ಗಾವಣೆ ಪತ್ರ, ಸಂಬಳದ ಪಟ್ಟಿ ಎಲ್ಲವೂ ಆತನ ಕೈಯಿಂದಲೇ ಆಗಬೇಕಾಗಿದ್ದಿತು. ಒರಗಿಲ್ಲದ ಒಂದು ಸ್ಟೂಲಿನ ಮೇಲೆ, ತೀರ ತಗ್ಗಾದ ಮೇಜಿಗೆ ಬಾಗಿ, ಬೆಳಗಿನಿಂದ ಸಂಜೆಯವರೆಗೆ ಬರೆಯುತ್ತಿದ್ದನು. ಒಂದು ದಿನ ಸಂಕೋಚದಿಂದ ಬಂದು, “ಸಾರ್, ಬೆನ್ನು ಆನಿಸಿಕೊಳ್ಳುವ ಹಾಗೆ ಒಂದು ಕುರ್ಚಿ ಕೊಡಿಸಿದರೆ ಉಪಕಾರವಾಗುತ್ತದೆ” ಎಂದನು. ನಾನು, “ನಾವು ಪಾಠಶಾಲೆಯಲ್ಲಿ ಬರಿಯ ನೆಲದ ಮೇಲೆ ಕೂತು ಕೌಮುದಿ ಓದಿದೆವಪ್ಪ, ಕುರ್ಚಿಯಿಂದ ವಿದ್ಯೆ ಬರಲಿಲ್ಲ. ಮೈಯನ್ನು ಮುದ್ದಿಸಿದಷ್ಟೂ ಅದು ಕೇಳುತ್ತಲೇ ಹೋಗುತ್ತದೆ. ಕಷ್ಟ ಸಹಿಸುವುದೂ ಒಂದು ತಪಸ್ಸು” ಎಂದು ಹೇಳಿ ಕಳುಹಿಸಿದೆನು. ಆತನು ಮರುಮಾತಾಡದೆ ಹೋದನು. ನನ್ನ ಮಾತು ಸೊಗಸಾಗಿತ್ತೆಂದು ನನಗೆ ಅಂದು ತೃಪ್ತಿಯೇ ಆಯಿತು.

ಎರಡು ವರ್ಷಗಳ ತರುವಾಯ ಆತನ ಕೊರಳು ಬಿಗಿಯಲಾರಂಭಿಸಿತು. ಬಲಗೈಯ ಬೆರಳುಗಳು ಜೋಮು ಹಿಡಿದವು. ಆ ಮುತ್ತಿನಂಥ ಅಕ್ಷರವು ಚೆದರಿತು. ಅವಧಿಗೆ ಮುಂಚೆಯೇ ಆತನು ನಿವೃತ್ತನಾದನು. ವ್ಯಾಧಿಗೆ ಆ ಸ್ಟೂಲೊಂದೇ ಕಾರಣವೆಂದು ಯಾವ ವೈದ್ಯನೂ ಹೇಳಲಿಲ್ಲ, ನಾನೂ ಹೇಳಲಾರೆನು. ಆದರೆ ಕೇಳಿದ ಕುರ್ಚಿಯನ್ನು ಕೊಡದೆ ಹೋದವನು ನಾನೆಂಬುದು ನಿಶ್ಚಯ. ನನ್ನ ನಿವೃತ್ತಿಯ ಮೇಲೆ, ಮಗನ ಮನೆಯಲ್ಲಿ ಕಂಪ್ಯೂಟರಿನ ಅಕ್ಷರವಿನ್ಯಾಸವನ್ನು ಕಲಿತು, ತೀರ್ಥರೂಪರು ಬಿಟ್ಟುಹೋದ ಒಂದು ಹಸ್ತಪ್ರತಿಯನ್ನು ಪ್ರತಿಮಾಡತೊಡಗಿದೆನು. ಒಂದು ತಿಂಗಳೊಳಗಾಗಿ ಕತ್ತು ನೋಯಲಾರಂಭಿಸಿತು. ಮರುದಿನವೇ ಒರಗುಳ್ಳ ಕುರ್ಚಿಯನ್ನು ತರಿಸಿದೆನು. ತಪಸ್ಸಿನ ಮಾತು ಆಗ ನನ್ನ ನೆನಪಿಗೆ ಬರಲಿಲ್ಲ. ಕುರ್ಚಿಯಲ್ಲಿ ಕುಳಿತ ಮೇಲೆ ಆ ಗುಮಾಸ್ತನು ನೆನಪಿಗೆ ಬಂದನು.

ನಾನು ಅಂದು ಹೇಳಿದ ಮಾತಿಗೆ ಶಾಸ್ತ್ರದ ಆಧಾರವಾದರೂ ಇದ್ದಿತೇ ಎಂದು ಗ್ರಂಥಗಳನ್ನು ಮತ್ತೆ ತೆರೆದು ನೋಡಿದೆನು. ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಯೋಗಿಯ ಆಸನವನ್ನು ವಿವರಿಸುವಾಗ ಅದು ಅತಿ ಎತ್ತರವೂ ಅತಿ ತಗ್ಗೂ ಆಗಿರಕೂಡದೆನ್ನುತ್ತಾನೆ. ಮೆತ್ತನೆಯ ಹಾಸನ್ನು ಹೇಳುತ್ತಾನೆ. ಮೈ, ತಲೆ, ಕೊರಳುಗಳು ನೇರವಾಗಿರಬೇಕೆನ್ನುತ್ತಾನೆ. ಪತಂಜಲಿಯು ಆಸನಕ್ಕೆ ಎರಡೇ ಲಕ್ಷಣಗಳನ್ನು ಕೊಟ್ಟಿದ್ದಾನೆ: ಸ್ಥೈರ್ಯವೊಂದು, ಸುಖವೊಂದು. ಕುಮಾರಸಂಭವದ ಐದನೆಯ ಸರ್ಗದಲ್ಲಿ, ವಟುವೇಷದಿಂದ ಬಂದ ಶಿವನು ತಪೋನಿರತಳಾದ ಪಾರ್ವತಿಯನ್ನು, ನಿನ್ನ ಶಕ್ತಿಗೆ ತಕ್ಕಷ್ಟೇ ತಪಸ್ಸನ್ನಾಚರಿಸುತ್ತಿರುವೆಯಷ್ಟೆ ಎಂದು ಕೇಳಿ, ಧರ್ಮಕ್ಕೆ ಮೊದಲ ಸಾಧನವು ಶರೀರವೆಂಬುದನ್ನು ನೆನಪಿಗೆ ತರುತ್ತಾನೆ. ಗೀತೆಯ ಹದಿನೇಳನೆಯ ಅಧ್ಯಾಯವಂತೂ, ಮೂಢಹಟದಿಂದ ತನ್ನನ್ನು ಪೀಡಿಸಿಕೊಂಡು ಮಾಡುವ ತಪಸ್ಸನ್ನು ತಾಮಸವೆಂದು ಎಣಿಸಿದೆ. ತನ್ನನ್ನು ಪೀಡಿಸಿಕೊಳ್ಳುವುದೇ ತಾಮಸವಾದರೆ, ಇನ್ನೊಬ್ಬನ ಬೆನ್ನಿನಿಂದ ತಪಸ್ಸು ಮಾಡಿಸಿದ ನನಗೆ ಯಾವ ಹೆಸರು ಸಲ್ಲುವುದೋ ವಾಚಕರೇ ಊಹಿಸಬಹುದು.

ಬರೆಯುವವರ ನೋವು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯೂ ಅಲ್ಲ. ಹಳೆಯ ಸಂಸ್ಕೃತ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆದಿಡುತ್ತಿದ್ದ ಒಂದು ಶ್ಲೋಕವುಂಟು. ಬೆನ್ನು ಸೊಂಟ ಕತ್ತುಗಳು ಮುರಿದು, ಕಣ್ಣು ನೆಟ್ಟು, ಮುಖ ಬಾಗಿಸಿ ಬರೆದ ಗ್ರಂಥವಿದು, ಜೋಪಾನವಾಗಿ ಕಾಪಾಡಿರಿ ಎಂಬುದು ಅದರ ಇಂಗಿತ. ನಾನು ಬಾಲ್ಯದಿಂದಲೂ ಇದನ್ನು ಓದಿ, ಗ್ರಂಥವನ್ನು ಕಾಪಾಡಬೇಕೆಂಬ ಅರ್ಥವನ್ನೇ ಗ್ರಹಿಸಿದ್ದೆನು. ಬೆನ್ನಿನ ಮಾತನ್ನು ಅಲಂಕಾರವೆಂದು ದಾಟಿಹೋಗಿದ್ದೆನು. ಅದು ಅಲಂಕಾರವಲ್ಲ, ಮನವಿ.

ಪಾಶ್ಚಾತ್ಯ ದೇಶಗಳಲ್ಲಿ ಈ ಮನವಿಗೆ ಕಿವಿಗೊಟ್ಟವರಲ್ಲಿ ಇಟಲಿಯ ವೈದ್ಯ ಬೆರ್ನಾರ್ದಿನೋ ರಾಮಾಜ್ಜೀನಿಯು ಅಗ್ರಗಣ್ಯನು. ಕಸುಬುದಾರರ ರೋಗಗಳನ್ನು ಕುರಿತ ಆತನ ಗ್ರಂಥವು 1700ರಲ್ಲಿ ಪ್ರಕಟವಾಯಿತು. 1713ರ ಆವೃತ್ತಿಯಲ್ಲಿ ಲೇಖಕರ ಬಾಧೆಗಳಿಗೆ ಮೂರು ಕಾರಣಗಳನ್ನು ಆತನು ಹೇಳಿದ್ದಾನೆ: ಎಡೆಬಿಡದ ಉಪವೇಶನ, ಒಂದೇ ರೀತಿಯಾಗಿ ನಡೆಯುವ ಕೈಯ ಚಲನೆ, ತಪ್ಪಾಗಬಾರದೆಂಬ ಮನಸ್ಸಿನ ಬಿಗಿ. ನಮ್ಮ ಗುಮಾಸ್ತನಿಗೆ ಈ ಮೂರೂ ಇದ್ದವು. ತಂತಿ ಕಳುಹಿಸುವವರ ಕೈಸೆಳೆತವನ್ನು ಬ್ರಿಟನ್ನಿನಲ್ಲಿ 1908ರಲ್ಲಿ ಪರಿಹಾರಕ್ಕೆ ಅರ್ಹವಾದ ರೋಗವೆಂದು ಅಂಗೀಕರಿಸಿದರು. 1953ರಲ್ಲಿ ಜೆರಿಮಿ ಮಾರಿಸ್ ಮೊದಲಾದ ವೈದ್ಯರು ಲಂಡನ್ನಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರನ್ನೂ, ಮಹಡಿ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರನ್ನೂ ಹೋಲಿಸಿ, ಹೃದ್ರೋಗವು ಚಾಲಕರಲ್ಲಿಯೇ ಹೆಚ್ಚೆಂದು ತೋರಿಸಿದರು. ಹೀಗೆ ಕುಳಿತಿರುವಿಕೆಯ ಹಾನಿಯು ಬೆನ್ನು ಕೈಗಳಿಗಷ್ಟೇ ಸೀಮಿತವಲ್ಲವೆಂಬುದು ಗೊತ್ತಾಯಿತು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಸುಖವನ್ನರಸುತ್ತ ಹೋದರೆ ಅದಕ್ಕೆ ಕೊನೆಯೆಲ್ಲಿ? ಇಂದು ಕುರ್ಚಿ, ನಾಳೆ ಮೆತ್ತೆ, ನಾಡಿದ್ದು ನಿದ್ರೆ! ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಆದರೆ ಸುಖವೆಂಬ ಶಬ್ದವನ್ನೇ ನೋಡೋಣ. ಋಗ್ವೇದದಲ್ಲಿ ಇದು ರಥಕ್ಕೆ ವಿಶೇಷಣವಾಗಿ ಬರುವುದು. ಖ ಎಂದರೆ ರಂಧ್ರ; ಅಚ್ಚು ಹೊಗುವ ರಂಧ್ರವು ಸಮರ್ಪಕವಾಗಿದ್ದು ಸರಾಗವಾಗಿ ಓಡುವ ರಥವು ಸುಖವೆಂದು ವಿದ್ವಾಂಸರು ಬಿಡಿಸುವುದುಂಟು. ಅಚ್ಚು ಸರಿಯಾಗಿದ್ದರೆ ಪ್ರಯಾಣಿಕನಿಗೆ ಅದರ ನೆನಪೇ ಆಗದು. ಕಿರುಗುಟ್ಟಿದರೆ ದಾರಿಯುದ್ದಕ್ಕೂ ಅದರದೇ ಚಿಂತೆ. ಶರೀರವೂ ಹಾಗೆಯೇ. ನೋಯುವ ಬೆನ್ನುಳ್ಳವನು ಬೆನ್ನನ್ನೇ ಧ್ಯಾನಿಸುವನು; ಸುಖಾಸೀನನು ಶರೀರವನ್ನು ಮರೆತು ಕಾರ್ಯದಲ್ಲಿ ತನ್ಮಯನಾಗುವನು. ಆದುದರಿಂದ ದೇಹಾಭಿಮಾನವನ್ನು ಬೆಳೆಸುವುದು ನೋವೇ ಹೊರತು ಯುಕ್ತವಾದ ಆಸನವಲ್ಲ. ಕಾರ್ಯವು ಸಾಗಲೆಂದು ಬೇಕಾಗುವುದು ಸುಖ; ಕಾರ್ಯವನ್ನು ಮರೆಸುವುದು ಭೋಗ. ಎಲ್ಲಿ ನಿಲ್ಲಬೇಕೆಂಬುದನ್ನು ಈ ಭೇದವೇ ಹೇಳಿಕೊಡುವುದು.

ಹಾಗೆಂದು ಒಳ್ಳೆಯ ಕುರ್ಚಿಯೊಂದರಿಂದಲೇ ಕಾರ್ಯವು ಮುಗಿಯುವುದೆಂದು ತಿಳಿಯಬಾರದು. ಹಿಂದೆ ಓಲೆಯ ಮೇಲೆ ಕೊರೆಯುವವನು ನಡುನಡುವೆ ಕಂಟವನ್ನು ಕೆಳಗಿಟ್ಟು ಮಸಿ ಸವರುತ್ತಿದ್ದನು, ಓಲೆಯನ್ನು ಬದಲಿಸುತ್ತಿದ್ದನು, ಸಂಧ್ಯೆಯ ಹೊತ್ತಿಗೆ ಎದ್ದೇ ಏಳುತ್ತಿದ್ದನು. ಕೆಲಸವೇ ಅವನಿಗೆ ವಿರಾಮವನ್ನು ಕೊಡುತ್ತಿದ್ದಿತು. ಕಂಪ್ಯೂಟರು ಆ ವಿರಾಮಗಳನ್ನೆಲ್ಲ ಕಿತ್ತುಕೊಂಡಿದೆ. ಮಸಿಯೂ ಮುಗಿಯದು, ಹಾಳೆಯೂ ಮುಗಿಯದು. ಆದಕಾರಣ ಅವುಗಳನ್ನು ನಾವೇ ಬುದ್ಧಿಪೂರ್ವಕವಾಗಿ ಕಲ್ಪಿಸಿಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು. ಇಪ್ಪತ್ತು ನಿಮಿಷಗಳಿಗೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವುದು. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುವುದರಿಂದ ಆಗಾಗ್ಗೆ ರೆಪ್ಪೆ ಮುಚ್ಚಿ ತೆರೆಯುವುದು. ಇವಕ್ಕೆ ಕಾಸು ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮವನ್ನು ಮಾಡಬೇಕೆಂದೂ, ಕುಳಿತಿರುವ ಹೊತ್ತನ್ನು ಮಿತಗೊಳಿಸಬೇಕೆಂದೂ ಹೇಳಿದೆ.

ಮಡಿಚುವ ಲ್ಯಾಪ್‌ಟಾಪಿನಲ್ಲಿ ಪರದೆಗೂ ಕೀಲಿಗಳಿಗೂ ಅಗಲಿಕೆಯಿಲ್ಲ. ಕೈಗೆ ಅನುಕೂಲವಾಗಿಟ್ಟರೆ ಕತ್ತು ಬಾಗುವುದು. ಕತ್ತಿಗೆ ಅನುಕೂಲವಾಗಿಟ್ಟರೆ ಭುಜಗಳು ಮೇಲೇಳುವವು. ನಮ್ಮ ಮನೆಯಲ್ಲಿ ಊಟದ ಮಣೆಗಳನ್ನು ಒಂದರ ಮೇಲೊಂದಿಟ್ಟು, ಪರದೆಯ ಮೇಲಂಚು ಕಣ್ಣಿನ ಸಮಕ್ಕೆ ಬರುವಂತೆ ಯಂತ್ರವನ್ನು ಏರಿಸಿ, ಬೇರೆಯ ಕೀಲಿಮಣೆಯನ್ನು ಮೊಣಕೈಯ ಮಟ್ಟದಲ್ಲಿ ಇಟ್ಟುಕೊಂಡಿದ್ದೇವೆ. ಸೊಸೆಯ ಪಾದಗಳು ನೆಲಕ್ಕೆ ನಿಲುಕದಿದ್ದುದರಿಂದ ಅಲ್ಲಿಗೂ ಒಂದು ಮಣೆ ಬಂದಿತು. ಇಷ್ಟರಿಂದಲೇ ಸಂಜೆಯ ನರಳಾಟವು ಬಹುಮಟ್ಟಿಗೆ ತಗ್ಗಿತು.

ವಾಚಕರಲ್ಲಿ ಕೆಲವರು ಕಚೇರಿಯ ಮೇಲಧಿಕಾರಿಗಳಾಗಿರಬಹುದು, ಕೆಲವರು ಉಪಾಧ್ಯಾಯರು, ಎಲ್ಲರೂ ಗೃಹಸ್ಥರು. ತಮ್ಮ ಕೈಕೆಳಗೆ ಕುಳಿತು ಬರೆಯುವವರ ಆಸನವನ್ನು ಒಮ್ಮೆ ಹೋಗಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಸಾಧ್ಯವಾದರೆ ಒಂದು ಗಂಟೆ ಅದರ ಮೇಲೆಯೇ ಕುಳಿತು ಬರೆಯಬೇಕು. ನಾನು ಅಷ್ಟನ್ನು ಮಾಡಿದ್ದರೆ ನನ್ನ ಉಪನ್ಯಾಸವು ಅರ್ಧದಲ್ಲಿಯೇ ನಿಲ್ಲುತ್ತಿತ್ತು. ಕಳೆದ ಯುಗಾದಿಯಲ್ಲಿ ಆ ಗುಮಾಸ್ತನ ಮನೆಗೆ ಹೋಗಿ ನನ್ನ ತಪ್ಪನ್ನು ಹೇಳಿಕೊಂಡೆನು. ಆತನು ನಕ್ಕು, “ಅದೆಲ್ಲ ಯಾಕೆ ಈಗ, ಬಿಡಿ ಸಾರ್” ಎಂದು, ಮನೆಯಲ್ಲಿದ್ದ ಒಂದೇ ಒರಗು ಕುರ್ಚಿಯನ್ನು ನನ್ನ ಕಡೆಗೆ ಸರಿಸಿದನು.