ಮೋಡದೊಳಗೆ ಹಾರುವಾಗ

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋ ಯೌವನಸ್ಥರು ಮುಂದೆ ಬನ್ನಿ, ಕುರ್ಚಿ ಖಾಲಿ ಇದೆ. ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ತೆಗೆದು ಇಟ್ಟುಕೊಳ್ಳಿ. ಮೊಬೈಲ್ ಬೈಬಲ್ ಆದರೂ ಪರವಾಗಿಲ್ಲ, ವಾಟ್ಸಾಪ್ ಮಾತ್ರ ಬೇಡ.

ಕಳೆದ ತಿಂಗಳು ರಾತ್ರಿ 11:30ಕ್ಕೆ ನಮ್ಮ ಯೂತ್ ಗ್ರೂಪಿನ ಒಬ್ಬ ತಮ್ಮ ನನಗೆ ಮೆಸೇಜ್ ಹಾಕಿದ. ಅವನ ಒಪ್ಪಿಗೆ ಕೇಳಿಯೇ ಹೇಳ್ತಿದ್ದೀನಿ, ಹೆಸರು ಹೇಳಲ್ಲ. "ಅಣ್ಣಾ, ಆರು ತಿಂಗಳಿಂದ ಆರಾಧನೆಯಲ್ಲಿ ನನಗೆ ಏನೂ ಅನ್ನಿಸ್ತಿಲ್ಲ. ದೇವರು ನನ್ನನ್ನ ಬಿಟ್ಟುಬಿಟ್ಟಿದ್ದಾರೆ. ಇನ್ಮೇಲೆ ಬರಲ್ಲ." ನಾನೇನು ಮಾಡಿದೆ ಗೊತ್ತಾ? ಮೂರು ವಚನ ಕಾಪಿ ಮಾಡಿ ಕಳಿಸಿ, "ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು" ಅಂತ ಬರೆದು ಮಲಗಿದೆ. ಅದು ಉತ್ತರ ಅಲ್ಲ, ನನ್ನ ನಿದ್ದೆ ಉಳಿಸಿಕೊಂಡಿದ್ದು. ಅವನಿಗೆ ಹೇಳಬೇಕಾಗಿದ್ದ ಮಾತನ್ನ ಇವತ್ತು ಹೇಳ್ತೀನಿ.

1932ನೇ ಇಸವಿ ಮೇ 20ರ ಸಂಜೆ. ಅಮೇಲಿಯಾ ಇಯರ್‌ಹಾರ್ಟ್ ಅನ್ನೋ ಅಮೆರಿಕದ ಹೆಣ್ಣುಮಗಳು ನ್ಯೂಫೌಂಡ್‌ಲ್ಯಾಂಡಿನ ಹಾರ್ಬರ್ ಗ್ರೇಸ್‌ನಿಂದ ಒಬ್ಬಳೇ ಹೊರಟಳು. ವಯಸ್ಸು 34. ಕೆಂಪು ಬಣ್ಣದ ಲಾಕ್‌ಹೀಡ್ ವೇಗಾ ವಿಮಾನ, ಒಂದೇ ಎಂಜಿನ್. ಕೆಳಗೆ ಇಡೀ ಅಟ್ಲಾಂಟಿಕ್ ಸಾಗರ. ಅದಕ್ಕಿಂತ ನಾಲ್ಕು ವರ್ಷ ಮುಂಚೆ, 1928ರಲ್ಲೂ ಅವಳು ಇದೇ ಸಾಗರ ದಾಟಿದ್ದಳು, ಆದರೆ ಪ್ರಯಾಣಿಕಳಾಗಿ. ಓಡಿಸಿದವರು ಬೇರೆಯವರು. ಪೇಪರಿನವರು ಹೊಗಳಿದಾಗ, ನಾನು ಆಲೂಗಡ್ಡೆ ಮೂಟೆ ಥರ ಹೋಗಿ ಬಂದೆ ಅಷ್ಟೇ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟಳು. ಇದು ನನಗೆ ತುಂಬಾ ಇಷ್ಟ. ಅಪ್ಪ ಅಮ್ಮ ವಿಶ್ವಾಸಿಗಳು, ಸಂಡೇ ಸ್ಕೂಲು, ವಿಬಿಎಸ್ಸು, ಎಲ್ಲಾ ಆಗಿದೆ. ನಮ್ಮಲ್ಲಿ ಎಷ್ಟು ಜನ ಇನ್ನೂ ಮೂಟೆಯಾಗಿಯೇ ಪ್ರಯಾಣ ಮಾಡ್ತಿದ್ದೀವಿ? ಅದರಲ್ಲಿ ತಪ್ಪಿಲ್ಲ, ಎಲ್ಲರೂ ಹಾಗೇ ಶುರು ಮಾಡೋದು. ಆದರೆ ಒಂದು ದಿನ ನಾವೇ ಸೀಟಿನಲ್ಲಿ ಕೂರಬೇಕಾಗುತ್ತೆ. ಆ ತಮ್ಮನಿಗೆ ಆಗಿದ್ದು ಅದೇ.

ಹೊರಟ ಕೆಲವೇ ಗಂಟೆಗಳಲ್ಲಿ ಎತ್ತರ ತೋರಿಸೋ ಮೀಟರ್, ಆಲ್ಟಿಮೀಟರ್, ಕೆಟ್ಟುಹೋಯ್ತು. ರಾತ್ರಿ, ಸಮುದ್ರದ ಮೇಲೆ, ಎಷ್ಟು ಎತ್ತರದಲ್ಲಿ ಇದ್ದೀನಿ ಅಂತಲೇ ಗೊತ್ತಿಲ್ಲ. ಆಮೇಲೆ ಬಿರುಗಾಳಿ. ಎಂಜಿನ್ನಿನ ಹೊಗೆ ಹೋಗೋ ಪೈಪಿನ ವೆಲ್ಡಿಂಗ್ ಬಿಟ್ಟು, ಅಲ್ಲಿಂದ ಬೆಂಕಿ ಕಾಣಿಸ್ತಿತ್ತು. ಮೋಡದ ಮೇಲೆ ಹೋಗೋಣ ಅಂತ ಏರಿದರೆ ರೆಕ್ಕೆಗೆ ಮಂಜುಗಡ್ಡೆ ಕಟ್ಟಿಕೊಳ್ತು. ಭಾರಕ್ಕೆ ವಿಮಾನ ಗಿರಗಿರ ಸುತ್ತುತ್ತಾ ಕೆಳಗೆ ಬಿತ್ತು. ಎತ್ತರ ದಾಖಲಿಸೋ ಇನ್ನೊಂದು ಉಪಕರಣ ಇತ್ತು, ಅದರ ಕಾಗದದ ಮೇಲೆ ಸುಮಾರು 3,000 ಅಡಿ ನೇರ ಗೆರೆ ಬಿದ್ದಿತ್ತಂತೆ. ಕೆಳಗಿನ ಗಾಳಿ ಸ್ವಲ್ಪ ಬೆಚ್ಚಗಿತ್ತು, ಮಂಜು ಕರಗಿ ಹಿಡಿತ ಸಿಕ್ಕಿದಾಗ ಅವಳಿಗೆ ಅಲೆಗಳ ಬಿಳಿ ನೊರೆ ಕಾಣಿಸ್ತಿತ್ತು. ಅಷ್ಟು ಹತ್ತಿರ.

ಮೇಲೆ ಹೋದರೆ ಮಂಜು, ಕೆಳಗೆ ಹೋದರೆ ನೀರು. ಮಧ್ಯದಲ್ಲಿ ಒಂದು ದಾರಿ ಹಿಡಿದು ಹಾರಿದಳು. ಆಲ್ಟಿಮೀಟರ್ ಇಲ್ಲ, ಆದರೆ ದಿಕ್ಕು ತೋರಿಸೋ ಗೈರೋ ಕೆಲಸ ಮಾಡ್ತಿತ್ತು. ಅದನ್ನ ನೋಡಿಕೊಂಡೇ ಹೋದಳು.

ಯಾಕೆ ಮೀಟರ್ ನೋಡಬೇಕು, ನಮಗೇ ಗೊತ್ತಾಗಲ್ವಾ? ಗೊತ್ತಾಗಲ್ಲ. ನಮ್ಮ ಕಿವಿಯ ಒಳಗೆ ದ್ರವ ತುಂಬಿದ ಸಣ್ಣ ಕೊಳವೆಗಳಿವೆ. ನಾವು ತಿರುಗ್ತಿದ್ದೀವಾ ಅಂತ ಹೇಳೋದು ಅವೇ. ವಿಮಾನ ನಿಧಾನವಾಗಿ ಒಂದೇ ಸಮ ತಿರುಗ್ತಾ ಇದ್ದರೆ ಆ ದ್ರವ ಸುಮ್ಮನಾಗಿಬಿಡುತ್ತೆ. ಆಗ ನೀನು ನೇರ ಹೋಗ್ತಿದ್ದೀಯ ಅಂತ ದೇಹ ಹೇಳುತ್ತೆ. ಪೈಲಟ್ ನಿಜವಾಗಿ ನೇರ ಮಾಡಿದರೆ, ಈಗ ಈ ಕಡೆ ವಾಲ್ತಿದ್ದೀಯ ಅಂತ ಹೇಳುತ್ತೆ. ಅವನು ಅದನ್ನ ನಂಬಿ ಮತ್ತೆ ವಾಲಿಸ್ತಾನೆ, ಸುತ್ತುತ್ತಾ ಇಳೀತಾನೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಮೀಟರ್ ನೋಡಿ ಹಾರೋ ತರಬೇತಿ ಇಲ್ಲದ 20 ಜನರನ್ನ ಪರೀಕ್ಷೆ ಮಾಡಿದರು, ಹೊರಗೆ ಏನೂ ಕಾಣದ ಹಾಗೆ ಮಾಡಿ. ಹಿಡಿತ ತಪ್ಪೋಕೆ ಸರಾಸರಿ ಎಷ್ಟು ಹೊತ್ತು? 178 ಸೆಕೆಂಡು. ಮೂರು ನಿಮಿಷವೂ ಇಲ್ಲ. 20ರಲ್ಲಿ ಒಬ್ಬರೂ ಉಳೀಲಿಲ್ಲ. ಅವರು ದಡ್ಡರಲ್ಲ. ತಮಗೆ ಅನ್ನಿಸಿದ್ದನ್ನ ನಂಬಿದರು.

ಈಗ 27ನೇ ಅಧ್ಯಾಯಕ್ಕೆ ಬನ್ನಿ. ಪೌಲನ ಹಡಗು, 276 ಜನ. ಬಹಳ ದಿನ ಸೂರ್ಯ ಕಾಣಲಿಲ್ಲ, ನಕ್ಷತ್ರ ಕಾಣಲಿಲ್ಲ. ಆ ಕಾಲದ ನಾವಿಕರಿಗೆ ಅದೇ ಮೀಟರು, ನೆನಪಿಡಿ. ಬದುಕುವ ಆಸೆಯೇ ಹೋಯ್ತು ಅಂತ ಲೂಕನು ಬರೀವಾಗ, ಅವರಿಗೆ ಹೋಯ್ತು ಅನ್ನಲ್ಲ, ನಮಗೆ ಅಂತಾನೆ. ಅದನ್ನ ಮುಚ್ಚಿಡಲಿಲ್ಲ. ಹಾಗಾದರೆ ನಿರೀಕ್ಷೆ ಎಲ್ಲಿಂದ ಬಂತು? ಗಾಳಿ ನಿಂತಿದ್ದರಿಂದ ಅಲ್ಲ. ಗಾಳಿ ಹೊಡೀತಾನೇ ಇತ್ತು, ಪೌಲನು ತನಗೆ ದೇವರು ಹೇಳಿದ್ದನ್ನ ಹಿಡ್ಕೊಂಡ. ನಾವಿಕರು 28ನೇ ವಚನದಲ್ಲಿ ಏನು ಮಾಡಿದರು ನೋಡಿ, ಹಗ್ಗ ಇಳಿಬಿಟ್ಟು ಆಳ ಅಳೆದರು. 20 ಮಾರು. ಸ್ವಲ್ಪ ಮುಂದೆ ಹೋಗಿ ಮತ್ತೆ ಅಳೆದರು, 15 ಮಾರು. ಕಣ್ಣಿಗೆ ದಡ ಕಾಣ್ತಿಲ್ಲ, ಹಗ್ಗ ಹೇಳ್ತಿದೆ.

ನನ್ನ ವಿಷಯ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ನನ್ನ ಕೆಲಸ ಹೋಯ್ತು. ಎಂಟು ತಿಂಗಳು. ನೀವು ಭಾನುವಾರ ನೋಡಿದ್ದು ಕೈ ಎತ್ತಿ ಹಾಡ್ತಿದ್ದ ನನ್ನನ್ನ. ಒಳಗೆ ಮರಳುಗಾಡು. ನನ್ನ ಮೇಲಿದ್ದ ಅಭಿಷೇಕ ಹೋಯ್ತು, ದೇವರು ಕರೆದಿದ್ದೇ ಸುಳ್ಳು ಅಂತ ದಿನಾ ಅನ್ನಿಸ್ತಿತ್ತು. ಆಗ ನನ್ನನ್ನ ಉಳಿಸಿದ್ದು ದೊಡ್ಡ ಕೂಟ ಏನೂ ಅಲ್ಲ. ನಮ್ಮ ಸಭೆಯ ಹಿರಿಯ ಅಣ್ಣ ಒಬ್ಬರು ಬೆಳಿಗ್ಗೆ 6 ಗಂಟೆಗೆ ಫೋನ್ ಮಾಡಿ ಒಂದು ಅಧ್ಯಾಯ ಓದ್ತಿದ್ದರು. ನಾನು ಕೇಳ್ತಿದ್ದೆ. ಎಷ್ಟೋ ದಿನ ಆಮೆನ್ ಕೂಡ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಇನ್ನೊಂದು ಮಾತು, ಇದು ಕೆಲವರಿಗೆ ಇಷ್ಟ ಆಗದೇ ಇರಬಹುದು. ಅವಳ ಒಂದು ಮೀಟರ್ ಕೆಟ್ಟುಹೋಯ್ತಲ್ಲ? ಪಾಸ್ಟರ್ ಅನ್ನೋನೂ ಒಂದು ಮೀಟರ್ ಅಷ್ಟೇ, ಕೆಡಬಹುದು. ಯಾವನೋ ಒಬ್ಬ ಸೇವಕನಿಂದ ನಿನಗೆ ನೋವಾಗಿದೆ ಅಂದರೆ ನೋವು ನಿಜ. ಆದರೆ ಒಂದು ಕೆಟ್ಟಿದ್ದಕ್ಕೆ ಅವಳು ಗೈರೋ ಕಿತ್ತು ಬಿಸಾಕಲಿಲ್ಲ. ಹಾಗೇ, ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಸಾಯೋಣ ಅನ್ನಿಸುತ್ತೆ ಅಂದರೆ ಡಾಕ್ಟರ ಹತ್ತಿರ ಹೋಗು. ಬೇಕಾದರೆ ನಾನೇ ಜೊತೆಗೆ ಬರ್ತೀನಿ. ಅದು ನಂಬಿಕೆ ಕಡಿಮೆ ಅಂತಲ್ಲ.

ಅಮೇಲಿಯಾ ಸೇರಬೇಕು ಅಂದುಕೊಂಡಿದ್ದು ಪ್ಯಾರಿಸ್. ಬೆಳಗಾಗೋ ಹೊತ್ತಿಗೆ ವಿಮಾನ ನಡುಗ್ತಿತ್ತು, ಪೆಟ್ರೋಲ್ ಸೋರ್ತಿತ್ತು. ನೆಲ ಕಂಡ ಮೇಲೆ ಉತ್ತರ ಐರ್ಲೆಂಡಿನ ಲಂಡನ್‌ಡೆರಿ ಹತ್ತಿರ, ಹಸು ಮೇಯೋ ಹುಲ್ಲುಗಾವಲಿನಲ್ಲಿ ಇಳಿಸಿದಳು. ಸುಮಾರು 15 ಗಂಟೆ ಪ್ರಯಾಣ. ಒಬ್ಬಳೇ ಅಟ್ಲಾಂಟಿಕ್ ದಾಟಿದ ಮೊದಲ ಹೆಂಗಸು, ಸುತ್ತ ಹಸುಗಳು. ಪೌಲನ ಹಡಗೂ ಒಡೆದುಹೋಯ್ತು, ಹಲಗೆ ಹಿಡಿದು ಮೆಲೀತೆ ದ್ವೀಪ ಸೇರಿದರು, 276 ಜನವೂ. ಇವಳ ಕಥೆ ಮುಂದೆ ಸುಖವಾಗಿ ಮುಗಿಯಲಿಲ್ಲ, ಅದನ್ನೂ ಹೇಳಬೇಕು. 1937ರಲ್ಲಿ ಪೆಸಿಫಿಕ್ ಮೇಲೆ ಹೋದವಳು ಕಾಣೆಯಾದಳು. ನಾನು ಅವಳನ್ನ ಪರಿಶುದ್ಧಳು ಅಂತ ತೋರಿಸ್ತಿಲ್ಲ, ಆ ಒಂದು ರಾತ್ರಿಯನ್ನ ತೋರಿಸ್ತಿದ್ದೀನಿ.

ಆ ತಮ್ಮನನ್ನ ಎರಡು ದಿನ ಬಿಟ್ಟು ಟೀ ಅಂಗಡಿ ಹತ್ತಿರ ಭೇಟಿಯಾದೆ. ಮೆಸೇಜಿಗೆ ಕ್ಷಮೆ ಕೇಳಿದೆ. ಈಗ ಬೆಳಿಗ್ಗೆ ಇಬ್ಬರೂ ಫೋನಿನಲ್ಲಿ ಮಾರ್ಕನ ಸುವಾರ್ತೆ ಓದ್ತೀವಿ. ಅವನಿಗೆ ಇನ್ನೂ ಏನೂ ಅನ್ನಿಸ್ತಿಲ್ಲವಂತೆ, ನಿನ್ನೆಯೂ ಅದನ್ನೇ ಹೇಳಿದ. ಆದರೆ ನಿನ್ನೆ ಫೋನ್ ಮಾಡಿದ್ದು ನಾನಲ್ಲ, ಅವನು.

ಎದ್ದು ನಿಲ್ಲೋಣ. ಬ್ರದರ್, ಇವತ್ತು ಕೀಬೋರ್ಡ್ ಬೇಡ. ಎರಡು ನಿಮಿಷ ಸುಮ್ಮನೆ ನಿಂತು ಪ್ರಾರ್ಥನೆ ಮಾಡೋಣ.