ನಡುವೆ ನಿಂತ ವಿದ್ಯೆ: ಋಣವೋ ಹಕ್ಕೋ?

ಪಡೆದವನು ಕೊಟ್ಟವನಿಗೆ ಎಷ್ಟರಮಟ್ಟಿಗೆ, ಎಷ್ಟು ಕಾಲ ಬದ್ಧನಾಗಿರಬೇಕೆಂಬುದು ನೀತಿವಿಚಾರದಲ್ಲಿ ಬಹು ಹಳೆಯ ಪ್ರಶ್ನೆ. ಅನ್ನದ ಋಣ ಉಂಡೊಡನೆ ತೀರುವುದಿಲ್ಲವೆಂದು ಲೋಕ ಹೇಳುತ್ತದೆ. ವಿದ್ಯೆಯ ಋಣವಂತೂ ಜೀವಾವಧಿ ಉಳಿಯುವಂಥದೆಂದು ಹಿರಿಯರು ನಂಬಿದ್ದರು. ಆದರೆ ವಿದ್ಯೆ ಕೊಡುತ್ತೇನೆಂದು ಕರೆದ ಸಂಸ್ಥೆಯು ಆ ವಿದ್ಯಾರ್ಥಿಯ ದೇಹಶ್ರಮದಿಂದ ತಾನೂ ಲಾಭ ಪಡೆಯುತ್ತಿದ್ದರೆ ಈ ಲೆಕ್ಕ ಹೇಗಾಗುತ್ತದೆ? ಅಂಥ ವಿದ್ಯಾರ್ಥಿ ವ್ಯಾಸಂಗವನ್ನು ನಡುವೆ ನಿಲ್ಲಿಸಿ ಹೊರಟರೆ ಅವನನ್ನು ಕೃತಘ್ನನೆನ್ನಬಹುದೇ? ಅಮೆರಿಕದ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಟದ ಸುತ್ತ ಈ ಪ್ರಶ್ನೆ ಅರ್ಧ ಶತಮಾನಕ್ಕೂ ಮೀರಿ ಚರ್ಚೆಯಾಗುತ್ತ ಬಂದಿದೆ. ಕೇವಲ ಆಟದ ಮಾತೆಂದು ಬದಿಗಿರಿಸದೆ ವಾಚಕರು ಇದನ್ನು ಪರಿಶೀಲಿಸಬೇಕೆಂದು ಪ್ರಾರ್ಥನೆ. ಏಕೆಂದರೆ ಮಕ್ಕಳ ವಿದ್ಯೆಗಾಗಿ ಧನ ವಿನಿಯೋಗಿಸುವ ಪ್ರತಿಯೊಂದು ಕುಟುಂಬಕ್ಕೂ ಧರ್ಮಸಂಸ್ಥೆಗೂ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ.

ಮೊದಲು ಅಲ್ಲಿಯ ವ್ಯವಸ್ಥೆಯನ್ನು ತಿಳಿಯೋಣ. ಆಟದಲ್ಲಿ ಪ್ರತಿಭೆಯುಳ್ಳ ಯುವಕನನ್ನು ಕಾಲೇಜು ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಳ್ಳುತ್ತದೆ. ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲವೂ ಅದರಲ್ಲಿ ಸೇರುತ್ತವೆ. ಪದವಿಗೆ ನಾಲ್ಕು ವರ್ಷ. ಇನ್ನೊಂದು ಕಡೆ ಎನ್.ಬಿ.ಎ. ಎಂಬ ವೃತ್ತಿಪರ ಸಂಘದ 30 ತಂಡಗಳು ಪ್ರತಿವರ್ಷ ಡ್ರಾಫ್ಟ್ ಎಂಬ ಆಯ್ಕೆಯನ್ನು ನಡೆಸಿ ಎರಡು ಸುತ್ತುಗಳಲ್ಲಿ ಸುಮಾರು 60 ಆಟಗಾರರನ್ನು ಆರಿಸಿಕೊಳ್ಳುತ್ತವೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಕೋಟಿಗಳ ಕರಾರು ದೊರೆಯುತ್ತದೆ. ಎರಡನೆಯ ಸುತ್ತಿನವನಿಗೆ ಅಂಥ ಭರವಸೆಯಿಲ್ಲ. ಪದವಿ ಮುಗಿಯುವ ಮೊದಲೇ ಈ ಆಯ್ಕೆಗೆ ಹೆಸರು ಕೊಟ್ಟು ಕಾಲೇಜು ಬಿಡುವುದು ಸರಿಯೇ ಎಂಬುದೇ ಪ್ರಶ್ನೆ.

ಹಿಂದೆ ಈ ಆಯ್ಕೆಯ ಸ್ವಾತಂತ್ರ್ಯವೇ ಇರಲಿಲ್ಲ. ಪ್ರೌಢಶಾಲೆ ಮುಗಿಸಿ ನಾಲ್ಕು ವರ್ಷ ಕಳೆಯುವವರೆಗೆ ಯಾರೂ ಎನ್.ಬಿ.ಎ. ಸೇರುವಂತಿರಲಿಲ್ಲ. ಈ ಕಟ್ಟಳೆಯನ್ನು ಪ್ರಶ್ನಿಸಿದವನು ಸ್ಪೆನ್ಸರ್ ಹೇವುಡ್. ಮಿಸಿಸಿಪ್ಪಿ ಪ್ರಾಂತದ ಬಡ ಕುಟುಂಬದಲ್ಲಿ ಹುಟ್ಟಿದವನು. ತಾಯಿ ಹತ್ತಿ ಬಿಡಿಸುವ ಕೂಲಿಯಿಂದ ಹತ್ತು ಮಕ್ಕಳನ್ನು ಸಾಕಿದವಳು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಸ್ವರ್ಣಪದಕ ಗೆದ್ದ ತಂಡದಲ್ಲಿ ಆಡಿದ ಹೇವುಡ್ 1969ರಲ್ಲಿ ಕಾಲೇಜು ಬಿಟ್ಟು ಪ್ರತಿಸ್ಪರ್ಧಿ ಸಂಘವೊಂದನ್ನು ಸೇರಿ, 1970ರ ಕೊನೆಯಲ್ಲಿ ಎನ್.ಬಿ.ಎ.ಯ ಸಿಯಾಟಲ್ ತಂಡದೊಡನೆ ಕರಾರು ಮಾಡಿಕೊಂಡನು. ಸಂಘ ಅಡ್ಡಿಪಡಿಸಿತು, ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1971ರ ಮಾರ್ಚ್ ತಿಂಗಳಲ್ಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಅವರು ಆಟಗಾರನ ಪರವಾದ ತಡೆಯಾಜ್ಞೆಯನ್ನು ಪುನಃ ಜಾರಿಗೆ ತಂದರು. ದುಡಿದು ಉಣ್ಣುವ ಹಕ್ಕನ್ನು ವಯಸ್ಸಿನ ನೆಪದಿಂದ ತಡೆಹಿಡಿಯುವುದು ಸುಲಭವಲ್ಲವೆಂಬುದು ಅಂದು ಸ್ಪಷ್ಟವಾಯಿತು.

ಬಳಿಕ ಸಂಘವು ಒಂದು ವಿಚಿತ್ರ ನಿಯಮವನ್ನು ತಂದಿತು. ಮನೆಯಲ್ಲಿ ಆರ್ಥಿಕ ಸಂಕಷ್ಟವಿದೆಯೆಂದು ತೋರಿಸಿಕೊಟ್ಟವನು ಮಾತ್ರ ಬೇಗ ಬರಬಹುದು! ತನ್ನ ದಾರಿದ್ರ್ಯವನ್ನು ಪರರ ಮುಂದೆ ಸಾಬೀತುಪಡಿಸಿದ ಮೇಲೆಯೇ ದುಡಿಮೆಗೆ ಅನುಮತಿ ಎಂಬ ಈ ನಿಯಮದಲ್ಲಿ ದಯೆಯ ಹೊದಿಕೆಯೊಳಗೆ ಅವಮಾನವಿತ್ತು. 1976ರಲ್ಲಿ ಅದು ಹೋಯಿತು. 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಕಾಲೇಜಿನ ಮೆಟ್ಟಿಲನ್ನೇ ಹತ್ತದೆ ಪ್ರೌಢಶಾಲೆಯಿಂದ ನೇರವಾಗಿ ಬಂದು ಕೀರ್ತಿವಂತರಾದರು. 2005ರಲ್ಲಿ ಸಂಘವೂ ಆಟಗಾರರ ಒಕ್ಕೂಟವೂ ಒಪ್ಪಂದ ಮಾಡಿಕೊಂಡು, ಅಮೆರಿಕದ ಆಟಗಾರನಿಗೆ ಕನಿಷ್ಠ 19 ವರ್ಷ ವಯಸ್ಸಾಗಿ, ಪ್ರೌಢಶಾಲೆ ಮುಗಿದು ಒಂದು ವರ್ಷವಾದರೂ ಕಳೆದಿರಬೇಕೆಂದು ಗೊತ್ತುಪಡಿಸಿದವು. ಇದರ ಫಲವಾಗಿ ಒಂದೇ ವರ್ಷ ಕಾಲೇಜಿನಲ್ಲಿದ್ದು ಹೊರಟುಹೋಗುವ ಪರಿಪಾಠ ಬೆಳೆಯಿತು. ವಿದ್ಯಾಭ್ಯಾಸಕ್ಕೆಂದು ವಿಧಿಸಿದಂತೆ ಕಂಡ ಆ ಒಂದು ವರ್ಷ ಅನೇಕರಿಗೆ ತಂಗುದಾಣ ಮಾತ್ರವಾಯಿತು.

ವಸ್ತುವಿಗೆ ಅನೇಕ ಮುಖಗಳಿವೆ. ಒಂದನ್ನೇ ಹಿಡಿದು ಸಮಗ್ರವೆನ್ನುವುದು ಏಕಾಂತದೋಷವೆಂದು ನಾವು ಬಾಲ್ಯದಿಂದ ಕೇಳಿದ್ದೇವೆ. ಈ ವಿಷಯದಲ್ಲಿಯೂ ಎರಡು ಪಕ್ಷಗಳನ್ನು ನ್ಯಾಯವಾಗಿ ಕೇಳಬೇಕು.

ಉಳಿಯಬೇಕೆನ್ನುವವರ ವಾದ ಹೀಗಿದೆ. ಆಟ ಯೌವನದೊಡನೆ ಮುಗಿಯುತ್ತದೆ, ವಿದ್ಯೆ ಮುಪ್ಪಿನವರೆಗೂ ಜೊತೆಗಿರುತ್ತದೆ. ಕಾಲೇಜಿನಲ್ಲಿ ಆಡುವ ನೂರು ಮಂದಿಯಲ್ಲಿ ಎನ್.ಬಿ.ಎ. ತಲುಪುವವರು ಒಬ್ಬಿಬ್ಬರು. ತಲುಪಿದವರಲ್ಲಿಯೂ ಎಷ್ಟೋ ಮಂದಿ ನಾಲ್ಕೈದು ವರ್ಷಗಳಲ್ಲಿ ಹೊರಬೀಳುತ್ತಾರೆ. ಹತ್ತೊಂಬತ್ತರ ವಯಸ್ಸಿನಲ್ಲಿ ಒಮ್ಮೆಲೆ ಕೈಸೇರುವ ಸಂಪತ್ತನ್ನು ನಿರ್ವಹಿಸುವ ವಿವೇಕ ಎಲ್ಲರಿಗೂ ಇರುವುದಿಲ್ಲ. ಪ್ರೌಢಶಾಲೆಯಿಂದಲೇ ಬಂದು 2001ರ ಆಯ್ಕೆಯಲ್ಲಿ ಪ್ರಥಮಸ್ಥಾನ ಪಡೆದ ಕ್ವಾಮೆ ಬ್ರೌನ್, ಜನರ ನಿರೀಕ್ಷೆಯನ್ನು ಮುಟ್ಟಲಾರದೆ ವರ್ಷಗಟ್ಟಲೆ ಅಪಹಾಸ್ಯಕ್ಕೆ ಗುರಿಯಾದನು. ಪಕ್ವವಾಗದ ಫಲವನ್ನು ಕಿತ್ತರೆ ತಪ್ಪು ಕಿತ್ತವನದೇ ಹೊರತು ಫಲದ್ದಲ್ಲ. ಆದರೂ ಹುಳಿಯೆಂಬ ನಿಂದೆ ಬರುವುದು ಫಲಕ್ಕೆ.

ಹೋಗಲಿ ಎನ್ನುವವರ ವಾದವೂ ದುರ್ಬಲವಲ್ಲ. ಕ್ರೀಡಾಪಟುವಿನ ದೇಹವೇ ಅವನ ಬಂಡವಾಳ; ಒಂದು ಪೆಟ್ಟಿನಿಂದ ಅದು ನಷ್ಟವಾಗಬಹುದು. 2019ರ ಫೆಬ್ರವರಿ 20ರಂದು ಡ್ಯೂಕ್ ವಿಶ್ವವಿದ್ಯಾಲಯದ ಜಯಾನ್ ವಿಲಿಯಂಸನ್ ಆಟದ ಮೊದಲ ನಿಮಿಷದಲ್ಲೇ ಪಾದರಕ್ಷೆ ಹರಿದು ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡನು. ಕೆಲವೇ ತಿಂಗಳಲ್ಲಿ ಆಯ್ಕೆಯ ಪ್ರಥಮಸ್ಥಾನ ನಿಶ್ಚಿತವಾಗಿದ್ದ ಆತ ಇನ್ನು ಕಾಲೇಜಿಗಾಗಿ ಆಡಲೇಬಾರದೆಂದು ಹಲವರು ಬಹಿರಂಗವಾಗಿ ಹೇಳಿದರು. ಆತ ಗುಣಹೊಂದಿ ಮತ್ತೆ ತಂಡಕ್ಕಾಗಿ ಆಡಿದನು. ಜೂನ್‌ನಲ್ಲಿ ಪ್ರಥಮನಾಗಿಯೇ ಆಯ್ಕೆಯಾದನು. ಆದರೆ ಆ ಪೆಟ್ಟು ಇನ್ನಷ್ಟು ಗಂಭೀರವಾಗಿದ್ದರೆ ಆತನ ನಷ್ಟವನ್ನು ತುಂಬಿಕೊಡುವವರು ಯಾರಿದ್ದರು?

ಇನ್ನು ಕೃತಘ್ನತೆಯ ಆರೋಪ. ಕಾಲೇಜು ಓದಿಸಿತು, ಪೋಷಿಸಿತು, ಪ್ರಸಿದ್ಧಿಗೆ ತಂದಿತು. ಇವನು ಬೆನ್ನು ತಿರುಗಿಸಿದನು ಎನ್ನುತ್ತಾರೆ. ಇದನ್ನು ನಿಧಾನವಾಗಿ ತೂಗಿ ನೋಡಬೇಕು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್.ಸಿ.ಎ.ಎ. ಸಂಸ್ಥೆಯು ತನ್ನ ವಾರ್ಷಿಕ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ದೂರದರ್ಶನ ಪ್ರಸಾರಕ್ಕಾಗಿ 2010ರಲ್ಲಿ ಮಾಡಿಕೊಂಡ ಕರಾರು 14 ವರ್ಷಗಳಿಗೆ 1,080 ಕೋಟಿ ಡಾಲರುಗಳದು. 2016ರಲ್ಲಿ ಅದನ್ನು 2032ರವರೆಗೆ ವಿಸ್ತರಿಸಿದಾಗ ಇನ್ನೂ 880 ಕೋಟಿ ಡಾಲರು ಸೇರಿತು. ಆಡಿದ ವಿದ್ಯಾರ್ಥಿಗೆ ಬಹುಕಾಲ ಸಂದದ್ದು ವಿದ್ಯಾರ್ಥಿವೇತನ ಮಾತ್ರ. ಅದೂ ಹೇಗೆ? 1973ರಿಂದ ಸುಮಾರು ನಾಲ್ಕು ದಶಕಗಳ ಕಾಲ ನಿಯಮದಂತೆ ಆ ವೇತನ ಒಂದೇ ವರ್ಷದ್ದಾಗಿದ್ದು, ವರ್ಷವರ್ಷವೂ ನವೀಕರಣಗೊಳ್ಳಬೇಕಿತ್ತು. ಅನೇಕ ವರ್ಷಗಳ ವೇತನಕ್ಕೆ ಮತ್ತೆ ಅವಕಾಶವಾದದ್ದು 2012ರಲ್ಲಿ. ತಾನು ಒಂದು ವರ್ಷದ ಮಾತು ಕೊಟ್ಟು ಪಡೆದವನಿಂದ ನಾಲ್ಕು ವರ್ಷಗಳ ನಿಷ್ಠೆಯನ್ನು ನಿರೀಕ್ಷಿಸುವುದು ನ್ಯಾಯವೇ? ಅಧಿಕ ಸಂಬಳಕ್ಕಾಗಿ ತರಬೇತುದಾರರು ಕಾಲೇಜಿನಿಂದ ಕಾಲೇಜಿಗೆ ಹೋದಾಗ ಈ ಪ್ರಮಾಣದ ನಿಂದೆ ಕೇಳಿಬರುವುದಿಲ್ಲವೆಂಬುದನ್ನೂ ಗಮನಿಸಬೇಕು. ಇಬ್ಬರೂ ಲಾಭ ಪಡೆಯುವ ಸಂಬಂಧ ವ್ಯವಹಾರವೇ ಹೊರತು ದಾನವಲ್ಲ; ವ್ಯವಹಾರದಲ್ಲಿ ಕೊಟ್ಟ ಮಾತಿನ ಬದ್ಧತೆಯುಂಟು, ಅದಕ್ಕೆ ಮೀರಿದ ಋಣವಿಲ್ಲ. ಆದುದರಿಂದ ಬೇಗ ಹೊರಟದ್ದೇ ಕೃತಘ್ನತೆಯೆಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ಹೋಗುವುದೇ ಸರಿಯೇ? ಅದನ್ನೂ ಸಾಮಾನ್ಯ ನಿಯಮವಾಗಿ ಹೇಳಲಾಗದು. ಈ ನಿರ್ಧಾರದ ಸಂದರ್ಭದಲ್ಲಿ ಯುವಕನ ಸುತ್ತ ಎಷ್ಟು ಮಂದಿ ನೆರೆಯುತ್ತಾರೆಂಬುದನ್ನು ನೆನೆಯಿರಿ. ಹೋಗೆನ್ನುವ ಮಧ್ಯವರ್ತಿಗೆ ಕರಾರಿನಲ್ಲಿ ಪಾಲಿದೆ. ಇರೆನ್ನುವ ತರಬೇತುದಾರನಿಗೆ ಮುಂದಿನ ವರ್ಷದ ಗೆಲುವು ಬೇಕಾಗಿದೆ. ಬಂಧುಗಳಿಗೂ ತಮ್ಮ ತಮ್ಮ ಆಸೆಗಳಿವೆ. ಎಲ್ಲರೂ ಅವನ ಹಿತವನ್ನೇ ಹೇಳುತ್ತಿದ್ದೇವೆನ್ನುತ್ತಾರೆ. ಇವರಲ್ಲಿ ಯಾರ ಮಾತು ಗ್ರಾಹ್ಯ?

ಇದಕ್ಕೆ ಉತ್ತರವಾಗಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ತರಬೇತುದಾರ ಡೀನ್ ಸ್ಮಿತ್ ಅವರ ನಡತೆಯನ್ನು ಇಲ್ಲಿ ಸ್ಮರಿಸಬಹುದು. 1961ರಿಂದ 1997ರವರೆಗೆ ಅದೇ ಸ್ಥಾನದಲ್ಲಿದ್ದ ಅವರು 879 ಪಂದ್ಯಗಳನ್ನು ಗೆದ್ದವರು. 1984ರಲ್ಲಿ ಮೈಕೇಲ್ ಜೋರ್ಡನ್ ಮೂರನೆಯ ವರ್ಷವನ್ನು ಮುಗಿಸಿದ್ದನು. ಆತ ಇನ್ನೊಂದು ವರ್ಷ ಉಳಿದಿದ್ದರೆ ಲಾಭ ಸ್ಮಿತ್ ಅವರದೇ. ಆದರೂ ಆಟಗಾರನಿಗೆ ಆಯ್ಕೆಯಲ್ಲಿ ಯಾವ ಸ್ಥಾನ ದೊರೆಯಬಹುದೆಂದು ತಾವೇ ವಿಚಾರಿಸಿ ತಿಳಿದು, ಹೊರಡುವುದೇ ಅವನಿಗೆ ಹಿತವೆಂದು ಅವರು ಸಲಹೆ ಕೊಟ್ಟರು. ಎರಡು ವರ್ಷ ಮೊದಲು ಜೇಮ್ಸ್ ವರ್ದಿಯ ವಿಷಯದಲ್ಲಿಯೂ ಹೀಗೆಯೇ ನಡೆದುಕೊಂಡಿದ್ದರು. ಜೋರ್ಡನ್ ಶಿಕಾಗೋ ತಂಡ ಸೇರಿದನು. ಆದರೆ ಓದನ್ನು ಕೈಬಿಡದೆ 1986ರಲ್ಲಿ ಭೂಗೋಳಶಾಸ್ತ್ರದಲ್ಲಿ ಪದವಿ ಪಡೆದನು.

ಇದರಲ್ಲಿ ನಾವು ಕಾಣಬೇಕಾದ ತತ್ತ್ವವೊಂದಿದೆ. ಸಲಹೆಯಿಂದ ಸಲಹೆಗಾರನಿಗೇ ನಷ್ಟವಾಗುವಂತಿದ್ದರೆ ಆ ಮಾತನ್ನು ನಿಶ್ಚಿಂತೆಯಿಂದ ನಂಬಬಹುದು. ಲಾಭವಾಗುವಂತಿದ್ದರೆ ಎರಡು ಬಾರಿ ಯೋಚಿಸಬೇಕು. ಶಿಷ್ಯನ ಉತ್ಕರ್ಷದ ಮುಂದೆ ತನ್ನ ಪ್ರಯೋಜನವನ್ನು ಬಿಟ್ಟುಕೊಡಬಲ್ಲವನೇ ಗುರು. ಅಲ್ಲಿ ವ್ಯವಹಾರ ಕಳಚಿಬಿದ್ದು ದಾನವು ದಾನವಾಗುತ್ತದೆ. ವಿಚಿತ್ರವೆಂದರೆ, ಬಿಟ್ಟುಕೊಟ್ಟ ಅಂಥ ಗುರುವಿಗೇ ಶಿಷ್ಯರು ಕೊನೆಯವರೆಗೆ ಕೃತಜ್ಞರಾಗಿ ಉಳಿದರು.

ಇದಕ್ಕೆ ಪ್ರತಿಯಾಗಿ, ಉಳಿದವನ ದೃಷ್ಟಾಂತವೂ ಇದೆ. ಟಿಮ್ ಡಂಕನ್ ಸೇಂಟ್ ಕ್ರಾಯ್ ದ್ವೀಪದವನು, ಮೊದಲು ಈಜುಗಾರ. 1989ರ ಚಂಡಮಾರುತ ದ್ವೀಪದ ಈಜುಕೊಳವನ್ನು ಹಾಳುಮಾಡಿತು. 1990ರಲ್ಲಿ, ಹದಿನಾಲ್ಕು ತುಂಬುವ ಮುನ್ನಾದಿನ, ಕ್ಯಾನ್ಸರ್ ವ್ಯಾಧಿಯಿಂದ ತಾಯಿ ತೀರಿಕೊಂಡಳು. ಪದವಿ ಮುಗಿಸುವೆನೆಂದು ಆಕೆಗೆ ಮಾತು ಕೊಟ್ಟಿದ್ದನು. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ವೃತ್ತಿಪರ ತಂಡಗಳು ಕಾದಿದ್ದರೂ ನಾಲ್ಕು ವರ್ಷಗಳನ್ನೂ ಪೂರೈಸಿ, ಮನಶ್ಶಾಸ್ತ್ರದಲ್ಲಿ ಪದವಿ ಪಡೆದು, 1997ರಲ್ಲಿ ಪ್ರಥಮನಾಗಿ ಆಯ್ಕೆಯಾದನು. ಮುಂದೆ ಐದು ಬಾರಿ ಆತನ ತಂಡ ಎನ್.ಬಿ.ಎ. ಪ್ರಶಸ್ತಿ ಗೆದ್ದಿತು. ಆದರೆ ಯಶಸ್ಸು ಬಂದದ್ದರಿಂದ ನಿರ್ಧಾರ ಸರಿಯಾಯಿತೆನ್ನುವುದು ಬೇಡ. ಆತನ ಕಾಲು ಮುರಿದಿದ್ದರೂ ಆ ಉಳಿವು ಸರಿಯೇ ಆಗುತ್ತಿತ್ತು. ಏಕೆಂದರೆ ಆತ ಉಳಿದದ್ದು ಮಾತಿಗಾಗಿ.

ಮಾತನ್ನು ಮುಂದಕ್ಕೆ ಹಾಕಿ ಅನಂತರ ಉಳಿಸಿಕೊಂಡವರೂ ಉಂಟು. 1992ರಲ್ಲಿ ಮೂರನೆಯ ವರ್ಷದ ಬಳಿಕ ಹೊರಟ ಶಕೀಲ್ ಓನೀಲ್, ತಾಯಿಗೆ ಕೊಟ್ಟ ಮಾತಿನಂತೆ 2000ದಲ್ಲಿ ಪದವಿ ಪೂರೈಸಿದನು. 1998ರಲ್ಲಿ ಹೊರಟ ವಿನ್ಸ್ ಕಾರ್ಟರ್‌ನ ಪ್ರಸಂಗ ಇನ್ನೂ ವಿಚಾರಾರ್ಹ. 2001ರ ಮೇ 20ರ ಬೆಳಿಗ್ಗೆ ಆತ ತನ್ನ ಘಟಿಕೋತ್ಸವದಲ್ಲಿ ಭಾಗವಹಿಸಿ, ಅದೇ ದಿನ ವಿಮಾನದಲ್ಲಿ ಫಿಲಡೆಲ್ಫಿಯಾ ನಗರಕ್ಕೆ ಹೋಗಿ ನಿರ್ಣಾಯಕ ಪಂದ್ಯವಾಡಿದನು. ಕೊನೆಯ ಎಸೆತ ಗುರಿತಪ್ಪಿತು. ತಂಡ 88–87ರಿಂದ ಸೋತಿತು. ಘಟಿಕೋತ್ಸವಕ್ಕೆ ಹೋದದ್ದೇ ತಪ್ಪೆಂದು ಅನೇಕರು ದೂಷಿಸಿದರು. ಓದು ಬಿಟ್ಟರೆ ನಿಂದೆ, ಓದು ಮುಗಿಸಿದ್ದಕ್ಕೂ ನಿಂದೆ! ಲೋಕದ ಹೊಗಳಿಕೆ ತೆಗಳಿಕೆಗಳನ್ನು ಅಳತೆಗೋಲಾಗಿಟ್ಟುಕೊಂಡವನಿಗೆ ನೆಮ್ಮದಿಯಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಗೆದ್ದವರ ಕಥೆಗಳಿಂದ ಮಾತ್ರ ನೀತಿಯನ್ನು ಕಟ್ಟಬಾರದು. ಹೆಸರು ಕೊಟ್ಟು ಆಯ್ಕೆಯಾಗದೆ ಉಳಿದವರ ಹೆಸರು ಯಾರ ನೆನಪಿನಲ್ಲಿಯೂ ಇಲ್ಲ. ಬಹುಕಾಲ ಅವರಿಗೆ ಕಾಲೇಜಿನ ತಂಡದ ಬಾಗಿಲೂ ಮುಚ್ಚುತ್ತಿತ್ತು. 2016ರಿಂದ ಆಟಗಾರರು ತಂಡಗಳ ಮುಂದೆ ತಮ್ಮನ್ನು ಪರೀಕ್ಷಿಸಿಕೊಂಡು, ಅಭಿಪ್ರಾಯ ತಿಳಿದು, ಗೊತ್ತುಪಡಿಸಿದ ದಿನದೊಳಗೆ ಹೆಸರನ್ನು ಹಿಂತೆಗೆದುಕೊಳ್ಳಲು ಹೆಚ್ಚಿನ ಅವಕಾಶ ದೊರೆತಿದೆ. ಇದು ಒಳ್ಳೆಯ ಸುಧಾರಣೆ. ಯುವಕನಿಗೆ ತಪ್ಪು ತಿಳಿದುಕೊಳ್ಳಲು, ತಿಳಿದು ಹಿಂತಿರುಗಲು ಎಡೆ ಕೊಡದ ನಿಯಮ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಧರ್ಮಸಮ್ಮತವಾಗಲಾರದು.

ಈಚಿನ ವರ್ಷಗಳಲ್ಲಿ ಪ್ರಶ್ನೆಯೇ ತಲೆಕೆಳಗಾಗಿದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಯಿಂದ ಹಣ ಸಂಪಾದಿಸಬಹುದಾಗಿದೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಅಂಗೀಕರಿಸಿದ ಒಪ್ಪಂದದಂತೆ, 2025–26ನೆಯ ಸಾಲಿನಲ್ಲಿ ಒಂದೊಂದು ವಿಶ್ವವಿದ್ಯಾಲಯವೂ ತನ್ನ ಕ್ರೀಡಾಪಟುಗಳಿಗೆ ಸುಮಾರು 2.05 ಕೋಟಿ ಡಾಲರುಗಳವರೆಗೆ ನೇರವಾಗಿ ಹಂಚಲು ಅವಕಾಶವಾಯಿತು. 2021ರಲ್ಲಿ 353 ಮಂದಿ ಅವಧಿಗೆ ಮುನ್ನ ಆಯ್ಕೆಗೆ ಹೆಸರು ಕೊಟ್ಟಿದ್ದರು. 2025ರಲ್ಲಿ ಆ ಸಂಖ್ಯೆ 106ಕ್ಕೆ ಇಳಿಯಿತು. ವಿದ್ಯೆಯ ಮೇಲೆ ಪ್ರೀತಿ ಹೆಚ್ಚಿತೆಂದು ಸಂತೋಷಪಡೋಣವೇ? ಹಿಂದೆ ಹಣಕ್ಕಾಗಿ ಹೋಗುತ್ತಿದ್ದವರಲ್ಲಿ ಕೆಲವರು ಈಗ ಹಣಕ್ಕಾಗಿಯೇ ಉಳಿಯುತ್ತಿರಬಹುದು. ಇದರಿಂದ ಒಂದು ಸತ್ಯ ಸ್ಪಷ್ಟವಾಗುತ್ತದೆ: ಉಳಿಯುವುದು ಪುಣ್ಯವೂ ಅಲ್ಲ, ಹೋಗುವುದು ಪಾಪವೂ ಅಲ್ಲ. ಹೊರಗಿನ ಕ್ರಿಯೆ ಒಂದೇ ಆದರೂ ಒಳಗಿನ ಭಾವ ಬೇರೆ. ಕ್ರಿಯೆಗೆ ಬೆಲೆ ಬರುವುದು ಭಾವದಿಂದ.

ಕೊನೆಯದಾಗಿ ನಮ್ಮ ಮಾತು. ಬಸದಿಗಳ ಆಡಳಿತ ಮಂಡಳಿಗಳು, ಸಮಾಜದ ದಾನಿಗಳು ವಿದ್ಯಾರ್ಥಿನಿಲಯಗಳನ್ನೂ ವಿದ್ಯಾರ್ಥಿವೇತನಗಳನ್ನೂ ನಡೆಸುತ್ತಿದ್ದಾರೆ. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಒಂದಾಗಿ ಎಣಿಸಿದ ಪರಂಪರೆ ನಮ್ಮದು. ಅಂಥ ನೆರವು ಪಡೆದ ಬಾಲಕನೊಬ್ಬ ಮನೆಯ ಕಷ್ಟಕ್ಕೆ ಓದು ನಿಲ್ಲಿಸಿ ಉದ್ಯೋಗಕ್ಕೆ ಹೊರಟುನಿಂತರೆ, ಆತನನ್ನು ಕೃತಘ್ನನೆನ್ನುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ನಾವು ಕೊಟ್ಟದ್ದು ದಾನವೋ, ನಮ್ಮ ಸಂಸ್ಥೆಯ ಹೆಸರಿಗಾಗಿ ಹೂಡಿದ ಬಂಡವಾಳವೋ? ಇರು ಎಂದು ನಾವು ಹೇಳುವಾಗ ನುಡಿಯುವುದು ಆತನ ಹಿತವೋ, ನಮ್ಮ ವಾರ್ಷಿಕ ವರದಿಯೋ? ಲಾಭನಷ್ಟಗಳನ್ನು ಮುಚ್ಚಿಡದೆ ತಿಳಿಸಿ, ನಿರ್ಧಾರವನ್ನು ಅವನಿಗೇ ಬಿಟ್ಟು, ಹೋದರೆ ಹರಸಿ, ಮರಳಿ ಓದಲು ಬಂದರೆ ಯಾವ ವಯಸ್ಸಿನಲ್ಲಾದರೂ ಬಾಗಿಲು ತೆರೆಯುವುದು ಕೊಟ್ಟವರ ಧರ್ಮ. ನಿಂತ ಓದನ್ನು ಮರೆಯದೆ, ಅನುಕೂಲವಾದಾಗ ಪೂರೈಸಿ, ಅನಂತರ ಇನ್ನೊಬ್ಬ ಬಾಲಕನಿಗೆ ನೆರವಾಗುವುದು ಪಡೆದವರ ಧರ್ಮ. ಇವೆರಡೂ ಕೂಡಿದಲ್ಲಿ ವಿದ್ಯೆ ನಡುವೆ ನಿಂತರೂ ನಷ್ಟವಾಗುವುದಿಲ್ಲ.